ಅಡುಗೆ ಬಂಗಾರಪ್ಪನವರ ಹಿಮ್ಮಡಿ

ನಮ್ಮ ಯಜಮಾನರ ಹೆಸರು ಬಂಗಾರಪ್ಪ. ದಾವಣಗೆರೆಯಲ್ಲಿ ಬರೀ ಬಂಗಾರಪ್ಪ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅಡುಗೆ ಬಂಗಾರಪ್ಪ ಎನ್ನಬೇಕು. ಮದುವೆ, ಗೃಹಪ್ರವೇಶ, ಸೀಮಂತ, ಏನೇ ಇರಲಿ, ಇನ್ನೂರು ಎಲೆಯಿಂದ ಎರಡು ಸಾವಿರ ಎಲೆಯವರೆಗೆ ಅವರ ಕೈ ಅಳುಕುವುದಿಲ್ಲ. ಆನಗೋಡಿನಿಂದ ಕುಕ್ಕುವಾಡದವರೆಗೆ, ಈ ಕಡೆ ಹರಿಹರದ ಹೊಳೆ ದಂಡೆಯವರೆಗೆ, ಅವರ ಬದನೆಕಾಯಿ ಎಣ್ಣೆಗಾಯಿ ತಿಂದು ಬೆರಳು ಚೀಪದವರು ಇಲ್ಲ. ಹೀಗೆಂದು ಅವರೇ ಹೇಳುತ್ತಾರೆ. ನಾನು ಅವರ ಹೆಂಡತಿ ಸುಧಾ. ಹೋಳಿಗೆ ನನ್ನ ಪಾಲಿನದು. ಗಿರಿಯಮ್ಮನೂ ಸೇರಿ ಏಳು ಮಂದಿ ಹೆಂಗಸರನ್ನು ಕಟ್ಟಿಕೊಂಡು ಹೂರಣ ರುಬ್ಬಿಸಿ, ಲಟ್ಟಿಸಿ, ಬೇಯಿಸಿ ಪಂಕ್ತಿಗೆ ಕಳಿಸುವವಳು ನಾನು. ಇದನ್ನು ಅವರು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳಿದೆ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದು ಮದುವೆಗಳ ಸಾಲು ಶುರುವಾಗಿತ್ತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಲಗಾಲು ಊರಿದವರೇ "ಅಯ್ಯಯ್ಯಪ್ಪೋ!" ಎಂದು ಕಿರುಚಿ ಮತ್ತೆ ಹಾಸಿಗೆಯ ಮೇಲೆ ಬಿದ್ದರು. ಚೇಳು ಕಡಿಯಿತೆಂದು ನಾನು ಪೊರಕೆ ಹಿಡಿದು ಹಾಸಿಗೆಯೆಲ್ಲ ಬಡಿದೆ. ಅವರಿಗೂ ಎರಡು ಏಟು ಬಿತ್ತು. ಚೇಳು ಸಿಗಲಿಲ್ಲ.

"ಹಿಮ್ಮಡ್ಯಾಗ ಮೊಳೆ ಹೊಡ್ದಂಗಾತು ನೋಡೇ," ಎಂದರು. ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದ ಮೇಲೆ ನೋವು ತಗ್ಗಿತು. ವಾಸಿಯಾಯಿತೆಂದು ಘೋಷಣೆ ಮಾಡಿ ಮದುವೆಗೆ ಹೊರಟರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಅಯ್ಯಯ್ಯಪ್ಪೋ. ದೇವರಾಜ ಅರಸು ಬಡಾವಣೆಯ ನಮ್ಮ ಓಣಿಯವರು ಆ ಕೂಗಿಗೇ ಏಳುವುದನ್ನು ರೂಢಿ ಮಾಡಿಕೊಂಡರು.

ನಮ್ಮ ಕೆಲಸದ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕಲ್ಯಾಣ ಮಂಟಪದ ಅಡುಗೆಮನೆಗೆ ಕಾಲಿಡುವ ಮುಂಚೆ ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು. ಒಲೆಗೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಹೂವಿಟ್ಟು, ಕಾಯಿ ಒಡೆದ ಮೇಲೆಯೇ ಬೆಂಕಿ. ಈಗ ಗ್ಯಾಸಿನ ಒಲೆ ಬಂದಿದ್ದರೂ ಪೂಜೆ ತಪ್ಪಿಸುವುದಿಲ್ಲ. ದೇವರಿಗೆ ಎಡೆ ಆಗುವ ತನಕ ಏನನ್ನೂ ನಾಲಿಗೆಗೆ ಹಚ್ಚಿ ರುಚಿ ನೋಡುವಂತಿಲ್ಲ, ಎಲ್ಲ ಕಣ್ಣಳತೆ, ಕೈಯಳತೆ. ಅಂಥ ಜಾಗದಲ್ಲಿ ಚಪ್ಪಲಿ ಮೆಟ್ಟಿ ನಿಲ್ಲುವುದೆಂದರೆ ಗರ್ಭಗುಡಿಯಲ್ಲಿ ಬೀಡಿ ಸೇದಿದಂತೆಯೇ. ಕೆಳಗೆ ನೋಡಿದರೆ ಕಡಪ ಕಲ್ಲು, ಅದರ ಮೇಲೆ ನೀರು, ಎಣ್ಣೆ, ಕೊತ್ತಂಬರಿ ಕಡ್ಡಿ. ಅದರ ಮೇಲೆ ದಿನಕ್ಕೆ ಹದಿನಾಲ್ಕು ತಾಸು ಬರಿಗಾಲಲ್ಲಿ ನಿಲ್ಲಬೇಕು. ನಮ್ಮ ಯಜಮಾನರು ಹೀಗೆ ಮೂವತ್ತು ವರ್ಷ ನಿಂತಿದ್ದರು.

ಹಿಮ್ಮಡಿ ನೋವು ಎಂದ ಕೂಡಲೇ ಊರೆಲ್ಲ ಡಾಕ್ಟರಾಯಿತು. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಇಟ್ಟು, ಹಿಮ್ಮಡಿ ಒತ್ತಿದರೆ ಮೂರು ದಿನದಲ್ಲಿ ಗುಣ ಎಂದರು. ಇವರು ಮೊದಲೇ ಅಡುಗೆಯವರು, ಯಾವುದನ್ನಾದರೂ ಅರೆಬೇಯಿಸಿ ಇಳಿಸುವ ಅಭ್ಯಾಸ ಇಲ್ಲ. ಇಟ್ಟಿಗೆಯನ್ನು ದೊಡ್ಡ ಉರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರು. ಎಲೆ ಚುರ್ ಎಂದು ಸುಟ್ಟಿತು, ಹಿಮ್ಮಡಿಯೂ ಚುರ್ ಎಂದಿತು. ಒಳಗಿನ ನೋವಿನ ಜೊತೆಗೆ ಹೊರಗೊಂದು ಬೊಬ್ಬೆ ಎದ್ದಿತು. ನನಗೆ ನಗು ಬಂತು, ನಕ್ಕಿದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಅಲ್ಲಿಂದ ಒಂದೊಂದೇ ಕೆಟ್ಟಿತು. ಬೆಳಗಿನ ಜಾವ ತರಕಾರಿ ಮಾರ್ಕೆಟ್ಟಿಗೆ ನಡೆದು ಹೋಗಿ ಬದನೆಕಾಯಿಯನ್ನು ಒಂದೊಂದಾಗಿ ಮುಟ್ಟಿ ಆರಿಸುತ್ತಿದ್ದ ಮನುಷ್ಯ ಫೋನಿನಲ್ಲಿ ತರಿಸತೊಡಗಿದರು. ಓಣಿಯ ತುದಿಯ ಅಂಗಡಿಗೂ ಸ್ಕೂಟರ್. ಸಂಜೆ ಚಹಾದಂಗಡಿಯ ಹರಟೆಯೂ ನಿಂತಿತು. ಎಂಟು ತಿಂಗಳಲ್ಲಿ ಒಂಬತ್ತು ಕೇಜಿ ಏರಿದರು. ಮೊಣಕಾಲು ಹಿಡಿಯಿತು, ಸೊಂಟ ಹಿಡಿಯಿತು, ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆಯೂ ಬಂದು ಕೂತಿತ್ತು. ನಿದ್ದೆ ಇಲ್ಲ, ನಿದ್ದೆ ಇಲ್ಲದ್ದಕ್ಕೆ ಸಿಟ್ಟು, ಸಿಟ್ಟಿಗೆ ನಾನು. ನಾನೋ, ಇವೆಲ್ಲ ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಐದು ಬೇರೆ ಬೇರೆ ರೋಗ ಎಂದುಕೊಂಡು ಐದು ದೇವರಿಗೆ ಹರಕೆ ಹೊತ್ತು ಕೂತಿದ್ದೆ.

ಆನಗೋಡಿನ ಮದುವೆಯಲ್ಲಿ ಮರ್ಯಾದೆಯೂ ಹೋಯಿತು. ನಿಲ್ಲಲಾಗದೆ ಒಂದು ಸ್ಟೂಲು ಹಾಕಿಸಿಕೊಂಡು ಸಾರಿನ ಕೊಪ್ಪರಿಗೆಯ ಪಕ್ಕ ಕೂತರು. ಕೂತರೆ ಕೊಪ್ಪರಿಗೆಯ ಬಾಯಿ ಅವರ ಹಣೆಯ ಮಟ್ಟಕ್ಕೆ ಬರುತ್ತಿತ್ತು, ಒಳಗಿನದು ಕಾಣುತ್ತಿರಲಿಲ್ಲ. ಉಪ್ಪು ಎರಚಿದರು. ಬಿತ್ತೋ ಇಲ್ಲವೋ ಎಂದು ಅನುಮಾನ ಬಂತು, ಮತ್ತೊಮ್ಮೆ ಎರಚಿದರು. ಎಡೆ ಆಗುವ ತನಕ ರುಚಿ ನೋಡುವಂತಿಲ್ಲವಲ್ಲ, ಮೊದಲು ರುಚಿ ನೋಡಿದವರು ಬೀಗರೇ. ಹೆಣ್ಣಿನ ಸೋದರಮಾವ ಕೈಯಲ್ಲಿ ಸಾರಿನ ಲೋಟ ಹಿಡಿದು ಅಡುಗೆಮನೆಗೆ ಬಂದರು.

"ಬಂಗಾರಪ್ಪಾ, ನೀರು ಕಾರವಾರದಿಂದ ತರ್ಸಿದ್ದೇನು?"

ಅಂದು ನಮ್ಮ ಯಜಮಾನರು ಊಟ ಮಾಡಲಿಲ್ಲ. ಮನೆಗೆ ಬಂದು ಕಾಲು ಚಾಚಿ ಕೂತು, "ನಿಂದ್ರಾಕೆ ಬರದೋನು ಅಡುಗೆ ಮಾಡಬಾರ್ದು ಸುಧಾ. ಹರಿಹರದ ಮದ್ವಿ ಒಂದು ಒಪ್ಕಂಡೀನಿ, ಅದನ್ನ ಮುಗ್ಸಿ ಸೌಟು ಕೆಳಗಿಡ್ತೀನಿ," ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ತಣ್ಣಗೆ ಹೇಳಿದರು. ಒಲೆಯ ಮುಂದೆ ನಿಲ್ಲದ ಬಂಗಾರಪ್ಪನನ್ನು ನಾನು ಕಂಡೇ ಇಲ್ಲ, ಕಾಣುವ ಆಸೆಯೂ ನನಗಿರಲಿಲ್ಲ.

ಮರುದಿನ ಅವರ ಚಪ್ಪಲಿಯ ಬಾರು ಹೊಲಿಸಲು ಮಂಡಿಪೇಟೆಯ ಜಮಾಲ್ ಸಾಬರ ಅಂಗಡಿಗೆ ಹೋದೆ. ಅರವತ್ತೈದು ದಾಟಿದ ಮನುಷ್ಯ, ಮುಖ ನೋಡುವ ಮುಂಚೆ ಕಾಲು ನೋಡುತ್ತಾರೆ. ಚಪ್ಪಲಿಯನ್ನು ತಿರುವಿ ಅಡಿ ನೋಡಿ, "ಅರೆ, ಯಾರದ್ರಿ ಅಮ್ಮಾ ಇದು?" ಎಂದರು.

"ನಮ್ಮೆಜಮಾನ್ರದು. ಯಾಕ್ರಿ?"

"ಬಲಗಾಲು ಹಿಮ್ಮಡಿ ಎತ್ತಿ, ವಾರೆ ಮಾಡಿ ನಡೀತಾರೆ. ನೋಡ್ರಿ, ಹೊರಗಡೆ ಅಂಚು ಪೂರಾ ಸವದೈತೆ, ಹಿಮ್ಮಡಿ ಹೊಸಾದಿದ್ದಂಗೈತೆ. ಮೊಣಕಾಲೂ ನೋಯ್ತಿರಬೇಕಲ್ಲ?"

ನಾನು ಬೆರಗಾದೆ. ಐದು ದೇವರು ಕೂಡಿ ಹೇಳದ್ದನ್ನು ಒಂದು ಹಳೇ ಚಪ್ಪಲಿ ಹೇಳಿತ್ತು. ಸಾಬರ ಮಗಳು ಮುಬಶ್ಶಿರಾ ಫಿಸಿಯೋಥೆರಪಿ ಓದಿ ಅಂಗಡಿಯ ಮೇಲಿನ ಕೋಣೆಯಲ್ಲೇ ಕ್ಲಿನಿಕ್ ಇಟ್ಟಿದ್ದಳು. "ಕರ್ಕಂಡ್ ಬರ್ರಿ. ಚಪ್ಪಲಿ ನಾನು ನೋಡ್ತೀನಿ, ಕಾಲು ಆಕಿ ನೋಡ್ತಾಳೆ," ಎಂದರು.

ಕರೆದೊಯ್ಯುವುದೇನು ಸುಲಭದ ಮಾತೇ? ಮೆಟ್ಟಿಲು ಹತ್ತಲು ಬರುವುದಿಲ್ಲ, ಇವತ್ತು ಅಮಾವಾಸ್ಯೆ, ನಾಳೆ ಗಿರಾಕಿ ಬರುತ್ತಾರೆ ಎಂದು ಒಂದು ವಾರ ಆಟ ಆಡಿದರು. ಕಡೆಗೆ ನಾನು ಆಟೋದಲ್ಲಿ ತುಂಬಿಕೊಂಡು ಹೋದೆ. ಆ ಹುಡುಗಿ ಹಿಮ್ಮಡಿಯ ಒಳಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು ನೋಡಿ, ಮಂಡಿಪೇಟೆ ಪೂರ್ತಿ ತಿರುಗಿ ನೋಡುವಂತೆ ಕೂಗಿದರು.

"ಪಾದದ ಅಡಿಯಾಗೆ, ಹಿಮ್ಮಡಿಯಿಂದ ಬೆರಳಿನ ಬುಡದ ತನಕ ಒಂದು ಪಟ್ಟಿ ಇರ್ತೈತೆ ಅಂಕಲ್. ಅದಕ್ಕೆ ಪೆಟ್ಟು ಬಿದ್ದೈತೆ," ಎಂದಳು ಮುಬಶ್ಶಿರಾ. "ಮಲಗಿದಾಗ ಬಿಗೀತೈತೆ, ಬೆಳಿಗ್ಗೆ ಕಾಲೂರಿದ ಕೂಡ್ಲೇ ಜಗ್ಗುತೈತೆ. ನೋವಿಗೆ ಹೆದರಿ ವಾರೆ ನಡದ್ರಿ, ಮೊಣಕಾಲು ಹಿಡೀತು. ಮೊಣಕಾಲಿಗೆ ಹೆದರಿ ನಡಿಯೋದೇ ಬಿಟ್ರಿ, ತೂಕ ಬಂತು, ಶುಗರ್ ಏರ್ತು. ಈಗ ಆ ತೂಕ ಎಲ್ಲ ಮತ್ತೆ ಇದೇ ಹಿಮ್ಮಡಿ ಮ್ಯಾಲೇ ಬೀಳ್ತೈತೆ."

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಐದು ಹರಕೆಯಲ್ಲಿ ನಾಲ್ಕು ದಂಡ ಎಂದು ಆಗಲೇ ಲೆಕ್ಕ ಹಾಕಿದೆ.

ಅವಳು ಮೂರು ಕೆಲಸ ಹೇಳಿದಳು. ಗೋಡೆಗೆ ಎರಡೂ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಮೀನಖಂಡ ಎಳೆಯಬೇಕು. ಬಾಟ್ಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ಪಾದ ಉರುಳಿಸಬೇಕು. ಮೂರನೆಯದು, ಮನೆಯಲ್ಲಾಗಲಿ ಕೆಲಸದಲ್ಲಾಗಲಿ ಬರಿಗಾಲಲ್ಲಿ ನಿಲ್ಲಕೂಡದು, ಸಕ್ಕರೆ ಇದ್ದವರಂತೂ ನಿಲ್ಲಲೇಕೂಡದು.

ಮೂರನೆಯದು ಕೇಳಿದ್ದೇ ಯಜಮಾನರು ಎದ್ದು ನಿಂತರು. "ಚಪ್ಪಲಿ ಮೆಟ್ಟಿ ದೇವ್ರ ಎಡೆ ಬೇಯಿಸ್ಲಾ? ಅದಕ್ಕಿಂತ ಈ ಕಾಲು ಕಡದು ನಿನ್ನ ಹತ್ರನೇ ಇಟ್ಕಂಬಿಡವ್ವ," ಎಂದು ಮೆಟ್ಟಿಲು ಇಳಿದೇಬಿಟ್ಟರು. ಹತ್ತುವಾಗ ಆರು ಸಲ ನಿಂತವರು ಇಳಿಯುವಾಗ ಎಲ್ಲಿಯೂ ನಿಲ್ಲಲಿಲ್ಲ.

ಕೆಳಗೆ ಜಮಾಲ್ ಸಾಬರು ತಡೆದು ಕೂಡ್ರಿಸಿದರು. "ಚರ್ಮ ಬ್ಯಾಡ, ರಬ್ಬರೂ ಬ್ಯಾಡ. ಒಂದು ಮಾತು ಹೇಳ್ರಿ ಬಂಗಾರಪ್ಪಾರ. ನಿಮ್ಮ ಮನ್ಯಾಗ ಕಾರ್ಯ ಆದ್ರೆ ದೇವ್ರನ್ನ ಯಾವುದರ ಮ್ಯಾಲೆ ಕೂಡ್ರಿಸ್ತೀರಿ?"

"ಕಂಬಳಿ ಹಾಸಿ, ಗದ್ದಿಗೆ ಮಾಡಿ ಕೂಡ್ರಿಸ್ತೀವಿ."

"ದೇವ್ರು ಕೂಡ್ರಬೋದು, ನೀವು ನಿಂದ್ರಬಾರದಾ?"

ಯಜಮಾನರು ಎರಡೂ ಕಾಲು ಮುಂದೆ ಚಾಚಿ ಅಳತೆ ಕೊಟ್ಟರು. ಹದಿನೈದು ದಿನದಲ್ಲಿ ಜಮಾಲ್ ಸಾಬರು ಹೊಚ್ಚ ಹೊಸ ಕರಿ ಕಂಬಳಿ ಕತ್ತರಿಸಿ, ನಾಲ್ಕು ಪದರ ಮಾಡಿ, ನಡುವೆ ಹಿಮ್ಮಡಿಗೆ ದಪ್ಪಗೆ ಸ್ಪಂಜು ಇಟ್ಟು, ತಳಕ್ಕೆ ಜಾರದಂತೆ ಸೆಣಬಿನ ಹಗ್ಗ ಸುತ್ತಿ ಹೊಲಿದು ಎರಡು ಜೊತೆ ಮೆಟ್ಟು ಕೊಟ್ಟರು. ಒಂದು ನೆನೆದರೆ ಇನ್ನೊಂದಿರಲಿ ಎಂದು. ನಾನು ಅದಕ್ಕೆ ಕಾಲ್ಗಂಬಳಿ ಎಂದು ಹೆಸರಿಟ್ಟೆ.

ಮನೆಗೆ ತಂದ ದಿನ ಯಜಮಾನರು ಸ್ನಾನ ಮಾಡಿ ಬಂದು, ಎರಡೂ ಜೊತೆಯನ್ನು ದೇವರ ಕೋಣೆಯಲ್ಲಿಟ್ಟು, ವಿಭೂತಿ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿ ಕೈಮುಗಿದರು. ಮುಗಿದ ಮೇಲೆ ಗೊತ್ತಾಯಿತು, ಪೂಜೆ ಮಾಡಿದ್ದರ ಮೇಲೆ ಕಾಲಿಡುವುದು ಹೇಗೆ? ಅರ್ಧ ತಾಸು ಅದರ ಮುಂದೆ ಬರಿಗಾಲಲ್ಲೇ ನಿಂತು ಯೋಚಿಸಿದರು. ನನಗೆ ತಲೆ ಕೆಟ್ಟಿತು.

"ರೀ, ಒಲಿಗೂ ಪೂಜೆ ಮಾಡ್ತೀರಿ. ಮಾಡಿ ಬೆಂಕಿ ಹಚ್ಚಲ್ಲೇನು? ಮೆಟ್ರಿ ಸುಮ್ನೆ!"

ಮೆಟ್ಟಿದರು. ಒಂದು ಜೊತೆಯನ್ನು ಅಡುಗೆಮನೆಗೆಂದು ಎತ್ತಿಟ್ಟು, ಇನ್ನೊಂದರ ಮೇಲೆ ಎರಡು ತಿಂಗಳು ಮನೆಯಲ್ಲಿ ಓಡಾಡಿದರು. ಬೆಳಿಗ್ಗೆ ಎದ್ದು ಗೋಡೆ ತಳ್ಳುವುದನ್ನು ಕಿಟಕಿಯಲ್ಲಿ ನೋಡಿದ ಎದುರುಮನೆಯವರು, ಗೋಡೆ ಬಿರುಕು ಬಿಟ್ಟಿದೆಯೇನೋ ಎಂದು ಮೇಸ್ತ್ರಿಯ ನಂಬರ್ ತಂದುಕೊಟ್ಟರು. ಬಾಟ್ಲಿ ಹೆಪ್ಪುಗಟ್ಟಿಸಲು ಮರೆತ ದಿನ ನನ್ನ ಹೋಳಿಗೆಯ ಲಟ್ಟಣಿಗೆಯನ್ನೇ ಕಾಲ ಕೆಳಗೆ ಹಾಕಿ ಉರುಳಿಸುತ್ತ ಕೂತಿದ್ದರು. ಅಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹೊಸ ಲಟ್ಟಣಿಗೆ ತಂದುಕೊಟ್ಟ ಮೇಲೆಯೇ ಅವರಿಗೆ ಊಟ ಬಡಿಸಿದ್ದು.

ಆದರೆ ಹೇಳಬೇಕಾದ್ದನ್ನು ಹೇಳಬೇಕು, ನೋವು ತಗ್ಗಿತು. ಅಯ್ಯಯ್ಯಪ್ಪೋ ಎನ್ನುತ್ತಿದ್ದವರು ಅಪ್ಪಾ ಎನ್ನತೊಡಗಿದರು, ಆಮೇಲೆ ಅದೂ ನಿಂತಿತು. ಮೊದಲು ಓಣಿಯ ತುದಿಯ ತನಕ ನಡೆದರು, ತಿಂಗಳೊಪ್ಪತ್ತಿನಲ್ಲಿ ಮಾರ್ಕೆಟ್ಟಿನ ತನಕ. ನಾಲ್ಕು ಕೇಜಿ ಇಳಿಯಿತು, ಸಕ್ಕರೆಯೂ ಹಿಡಿತಕ್ಕೆ ಬಂತು, ಮೊಣಕಾಲು ತೆಪ್ಪಗಾಯಿತು. ಗೊರಕೆ ಮತ್ತೆ ಶುರುವಾಯಿತು, ಅದನ್ನು ಕೇಳಿ ನನಗೂ ನಿದ್ದೆ ಬಂತು. ಬದನೆಕಾಯಿಯವಳ ಜೊತೆ ಜಗಳ ಆಡಿ ಬಂದು ನಗುನಗುತ್ತಾ ಅದನ್ನು ವರ್ಣಿಸಿದ ದಿನ, ನಮ್ಮ ಮನೆಯವರು ವಾಪಸ್ ಬಂದರು ಎಂದು ನಾನು ಬಚ್ಚಲಿಗೆ ಹೋಗಿ ಅತ್ತೆ.

ಇನ್ನುಳಿದದ್ದು ಹರಿಹರದ ಮದುವೆ. ಕಾಲ್ಗಂಬಳಿ ಮೆಟ್ಟಿ ಬೇರೆಯವರ ಅಡುಗೆಮನೆಯಲ್ಲಿ ನಿಲ್ಲುವುದು ಇದೇ ಮೊದಲು. ಅದರಲ್ಲೂ ಅದು ದ್ಯಾಮವ್ವನವರ ಮೊಮ್ಮಗಳ ಮದುವೆ. ಎಂಬತ್ತು ದಾಟಿದ ಹೆಂಗಸು, ತಮ್ಮ ಮನೆತನದ ಪ್ರತಿ ಕಾರ್ಯದಲ್ಲೂ ಎಡೆಗೆ ಮುಂಚೆ ಅಡುಗೆಮನೆ ತಪಾಸಣೆ ಮಾಡುವುದು ಅವರದೇ ಹಕ್ಕು. ಹಿಂದೊಮ್ಮೆ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡಿದ್ದ ಅಡುಗೆಯವನನ್ನು ಅನ್ನಕ್ಕೆ ಎಸರಿಟ್ಟ ಮೇಲೆ ಓಡಿಸಿದ್ದರಂತೆ. ಅವರು ಒಂದು ಮಾತು ಬೇಡವೆಂದರೆ ಸಂಜೆಯೊಳಗೆ ಹರಿಹರ, ದಾವಣಗೆರೆಯ ಎಲ್ಲ ಮಂಟಪಗಳಿಗೂ ಸುದ್ದಿ ಮುಟ್ಟುತ್ತದೆ. "ಈ ಅವ್ವ ಒಪ್ಪಿದ್ರೆ ಊರೇ ಒಪ್ದಂಗೆ. ಬ್ಯಾಡ ಅಂದ್ರೆ ನಾನು ಮನ್ಯಾಗ ಕೂಡ್ರೋದೇ," ಎಂದು ಬಸ್ಸಿನಲ್ಲಿ ಕೂತು ಯಜಮಾನರು ಜಮಾಲ್ ಸಾಬರ ಮಾತನ್ನು ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡರು. ದೇವ್ರು ಕೂಡ್ರಬೋದು, ನಾನು ನಿಂದ್ರಬಾರದಾ. ದೇವ್ರು ಕೂಡ್ರಬೋದು, ನಾನು ನಿಂದ್ರಬಾರದಾ.

ಬೆಳಿಗ್ಗೆ ಹನ್ನೊಂದಕ್ಕೆ ದ್ಯಾಮವ್ವ ಕೋಲೂರಿಕೊಂಡು ಬಂದರು. ಹುಗ್ಗಿಯ ಕೊಪ್ಪರಿಗೆ ನೋಡಿದರು, ಎಣ್ಣೆಗಾಯಿಯ ಬಣ್ಣ ಪರೀಕ್ಷಿಸಿದರು, ನನ್ನ ಹೋಳಿಗೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುವಿ ನೋಡಿ ಕೆಳಗಿಟ್ಟರು. ಆಮೇಲೆ ಕಣ್ಣು ನೆಲಕ್ಕಿಳಿಯಿತು.

"ಬಂಗಾರಪ್ಪಾ. ಕಾಲಾಗ ಏನದು?"

ನಮ್ಮ ಯಜಮಾನರ ಬಾಯಿಪಾಠ ಎತ್ತ ಹೋಯಿತೋ ಗೊತ್ತಿಲ್ಲ. ಎರಡೂ ಕಾಲ್ಗಂಬಳಿ ಬಿಚ್ಚಿ, ಕಂಕುಳಲ್ಲಿಟ್ಟುಕೊಂಡು, ಒದ್ದೆ ಕಲ್ಲಿನ ಮೇಲೆ ತಲೆ ತಗ್ಗಿಸಿ ನಿಂತರು. ಆ ನಿಲುವು ನನ್ನಿಂದ ನೋಡಲಾಗಲಿಲ್ಲ. ಲಟ್ಟಣಿಗೆ ಹಿಡಿದೇ ಮುಂದೆ ಬಂದೆ.

"ಅದು ಚಪ್ಪಲಿ ಅಲ್ರಿ ಅವ್ವಾರ, ಕಂಬಳಿ. ಮಗ್ಗದಿಂದ ಬಂದ ಹೊಸಾ ಕಂಬಳಿ. ಮೂವತ್ತು ವರ್ಷ ನಿಮ್ಮಂಥೋರ ಮದ್ವಿಗೆ ಈ ಕಲ್ಲಿನ ಮ್ಯಾಲೆ ನಿಂತು ಈ ಮನುಷ್ಯ ಕಾಲು ಕಳ್ಕಂಡಾರೆ. ಇದಿದ್ರೆ ನಿಂದ್ರತಾರೆ, ಇಲ್ದಿದ್ರೆ ಇಲ್ಲ. ಬ್ಯಾಡ ಅಂದ್ರೆ ಈಗ್ಲೇ ಹೇಳಿಬಿಡ್ರಿ, ನಾವು ಹೊರಡ್ತೀವಿ. ಸಾವಿರದ ಇನ್ನೂರು ಎಲೆ ನೀವೇ ನೋಡ್ಕಳ್ರಿ!"

ದ್ಯಾಮವ್ವ ನನ್ನನ್ನು ನೋಡಲಿಲ್ಲ. ಯಜಮಾನರ ಕಂಕುಳಿನಿಂದ ಒಂದು ಕಾಲ್ಗಂಬಳಿ ಎಳೆದುಕೊಂಡು ಮೂಸಿದರು, ಉಜ್ಜಿ ನೋಡಿದರು. ಕೆಳಗೆ ಹಾಕಿ ತಮ್ಮ ಕಾಲು ತೂರಿಸಿದರು. ಇನ್ನೊಂದನ್ನೂ ಹಾಕಿಸಿಕೊಂಡು, ಕೋಲು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ ನಿಂತರು. ನಿಂತೇ ಇದ್ದರು. ಸಾರು ಕುದಿಯುತ್ತಿತ್ತು.

"ಹ್ಞೂಂ. ಕಂಬಳೀನೇ," ಎಂದರು ಕಡೆಗೆ. "ಕಂಬಳಿಗೆಲ್ಲಿ ಮೈಲಿಗೆ? ಹಾಕ್ಕಳಪ್ಪ." ಹಾಗೆಂದರೇ ಹೊರತು ಬಿಚ್ಚಿ ಕೊಡಲು ಬಹಳ ಹೊತ್ತು ತೆಗೆದುಕೊಂಡರು. ತಮಗೊಂದು ಜೊತೆ, ಬೀಗಿತ್ತಿಗೊಂದು ಜೊತೆ ಬೇಕೆಂದೂ ಹೇಳಿದರು.

ಯಜಮಾನರ ಮುಖ ಅರಳಿತು. ನಾನು ಬೆವರು ಒರೆಸಿಕೊಂಡು ಹೋಳಿಗೆಯ ಕಡೆ ತಿರುಗಿದೆ. ಬೆನ್ನ ಹಿಂದೆ ದ್ಯಾಮವ್ವನ ಕೋಲು ಕಲ್ಲಿಗೆ ಬಡಿಯಿತು.

"ನಿಂತ್ಕಳವ್ವ. ನಿಂದೆಲ್ಲಿ?"

"ನಂದೇನ್ರಿ ಅವ್ವಾರ?"

"ಬಂದಾಗಿಂದ ನೋಡ್ತೀನಿ, ಎಡಗಾಲು ತುದಿ ಮ್ಯಾಲೆ ನಿಂತೀ. ನಿನ್ನ ಕಂಬಳಿ ಎಲ್ಲಿ?"

"ನಂಗೇನಾಗೇತ್ರಿ, ಏನಿಲ್ಲ," ಎಂದೆ.

"ಏನಿಲ್ಲ ಅಂತೆ!" ಎಂದಳು ಗಿರಿಯಮ್ಮ ಹಿಟ್ಟು ನಾದುತ್ತಲೇ. "ನಾಕು ವರ್ಷಾತು, ಮದ್ವಿ ಮುಗಿದ ಮ್ಯಾಲೆ ಹಿತ್ತಲಾಗ ಕೂತು ಕಾಲಿಗೆ ಬಿಸಿನೀರು ಹೊಯ್ಕಂತಾಳ್ರಿ."

ಹೌದು, ಇಷ್ಟುದ್ದಕ್ಕೂ ಅವರ ಹಿಮ್ಮಡಿಯ ಪುರಾಣ ಹೇಳಿದೆ, ನನ್ನದರ ಮಾತೆತ್ತಲಿಲ್ಲ. ಮುಚ್ಚಿಟ್ಟದ್ದಲ್ಲ. ಅದೂ ಹೇಳುವಂಥದ್ದು ಎಂದು ನನಗೇ ಅನ್ನಿಸಿರಲಿಲ್ಲ. ಅವರು ಕಿರುಚಿದರು, ಊರು ಓಡಿಬಂತು. ನಾನು ಕಿರುಚಲಿಲ್ಲ. ಅವರ ಜೊತೆ ಕ್ಲಿನಿಕ್ಕಿಗೆ ಹೋದೆ, ಬಾಟ್ಲಿ ಹೆಪ್ಪುಗಟ್ಟಿಸಿಕೊಟ್ಟೆ, ಒಂದು ದಿನವಾದರೂ ನನ್ನ ಕಾಲನ್ನು ಅದರ ಮೇಲಿಡಲಿಲ್ಲ.

ಯಜಮಾನರು ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು. "ನಿನಗೂ ಐತೇನು?"

"ಐತಿ."

"ಹೇಳ್ಲಿಲ್ಲ ಯಾಕ?"

"ನೀವು ಕೇಳಿದ್ರೇನು?"

ಅವರು ಸೌಟು ಕೆಳಗಿಟ್ಟು, ಪಂಚೆಗೆ ಕೈ ಒರೆಸಿ, ಫೋನ್ ತೆಗೆದು ಜಮಾಲ್ ಸಾಬರಿಗೆ ಹಚ್ಚಿದರು. ದ್ಯಾಮವ್ವನವರಿಗೆ, ಬೀಗಿತ್ತಿಗೆ, ಗಿರಿಯಮ್ಮನಿಗೆ, ಉಳಿದ ಆರು ಹೆಂಗಸರಿಗೆ ಎಂದು ಹೇಳುತ್ತ ಹೋದರು. ಅವರವರು ತಮ್ಮ ಚಪ್ಪಲಿ ನಂಬರ್ ಕೂಗಿದರು. "ಎಲ್ಲಾರಕಿಂತ ಮೊದ್ಲು ನಮ್ಮ ಮನೆಯಾಕಿದು ಹೊಲೀರಿ ಸಾಬ್ರೆ," ಎಂದರು ಕೊನೆಗೆ.

"ಅಳತಿ ಹೇಳ್ರಿ," ಎಂದಿತು ಫೋನು.

ಗೊತ್ತಿರಲಿಲ್ಲ. ನನ್ನನ್ನು ಕೇಳಲೂ ಅವರಿಗೆ ಬಾಯಿ ಬರಲಿಲ್ಲ. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಆ ಭಾರದ ಮೈಯನ್ನು ಕಷ್ಟಪಟ್ಟು ಬಗ್ಗಿಸಿ, ಒದ್ದೆ ಕಲ್ಲಿನ ಮೇಲೆ ನನ್ನ ಮುಂದೆ ಕೂತುಬಿಟ್ಟರು. ನನ್ನ ಎಡ ಪಾದ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡದ್ದೇ ತಡ, ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮದುವೆಯ ದಿನ ಕಾಲುಂಗುರ ತೊಡಿಸುವಾಗ ಈ ಪಾದ ಹಿಡಿದಿದ್ದರು, ಇಪ್ಪತ್ತಾರು ವರ್ಷದ ಮೇಲೆ ಹಿಡಿದದ್ದು ಅಂದೇ. ಹಿಟ್ಟು ಮೆತ್ತಿದ ಪಾದಕ್ಕೆ ಗೇಣು ಹಾಕಿ ಅಳೆದರು.

"ಒಂದು ಗೇಣು, ಮ್ಯಾಲೆ ಎರಡು ಬಟ್ಟು," ಎಂದು ಫೋನಿಗೆ ಹೇಳಿ, ಹೆಬ್ಬೆರಳಿನಿಂದ ಹಿಮ್ಮಡಿಯ ಒಳಅಂಚನ್ನು ಮೆಲ್ಲಗೆ ಒತ್ತಿದರು. ನಾನು ಅಯ್ಯಯ್ಯಪ್ಪೋ ಎಂದೆ.

"ಇಲ್ಲೇನು?"

"ಹ್ಞೂಂ, ಅಲ್ಲೇ."

ಅಷ್ಟು ಜನರ ನಡುವೆ ನನಗೆ ಅಳು ಬಂತು, ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಕೊಪ್ಪರಿಗೆಯ ಸಾರು ಅಂಚಿಗೆ ಬಂದಿತ್ತು.

"ಏಳ್ರಿ, ಸಾರು ಉಕ್ಕುತೈತೆ."

"ಉಕ್ಕಲಿ ಬಿಡು," ಎಂದರು ಬಂಗಾರಪ್ಪನವರು. "ಇನ್ನೊಂದು ಕಾಲು ಕೊಡು ಇಲ್ಲಿ."